ತಂಗಿ ಕೊಟ್ಟ ಕತೆಗೆ ನಾನು ಮಾಡಿಸಿದ ಮದುವೆ

ನನ್ನ ತಂಗಿ ನಂಬಿ ಕೊಟ್ಟ ಒಂದು ಕತೆಯನ್ನು ಇದ್ದ ಹಾಗೆ ಹೇಳಲು ನನ್ನಿಂದ ಆಗಲಿಲ್ಲ. ಅದೇನು ದೊಡ್ಡ ಕತೆಯಲ್ಲ. ಹೈಸ್ಕೂಲು ಮಕ್ಕಳು ಓದುವಂಥದ್ದು, ದಪ್ಪ ಅಕ್ಷರ, ನಡುನಡುವೆ ಚಿತ್ರ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟ ನನಗೂ ಓದಲು ಬರುವಂಥದ್ದು.

ತಂಗಿ ತುರುವೇಕೆರೆಯ ಒಂದು ಹೈಸ್ಕೂಲಿನಲ್ಲಿ ಲೈಬ್ರರಿ ನೋಡಿಕೊಳ್ಳುತ್ತಾಳೆ. ಮೂವತ್ತು ದಾಟಿದೆ, ಮದುವೆ ಬೇಡ ಅನ್ನುತ್ತಾಳೆ. ಭಾನುವಾರ ಬಿಳಿಗೆರೆ ಹತ್ತಿರದ ನಮ್ಮ ಮನೆಗೆ ಬಂದು, ಮಾಡಿದ್ದನ್ನೆಲ್ಲ ಹಾಕಿಸಿಕೊಂಡು ಉಂಡು, ನನ್ನ ಗಂಡನನ್ನು ಗೋಳುಹೊಯ್ದುಕೊಂಡು ಹೋಗುತ್ತಾಳೆ. ಅಂಥದ್ದೇ ಒಂದು ಭಾನುವಾರ ಆ ಪುಸ್ತಕವನ್ನು ನನ್ನ ಮಡಿಲಿಗೆ ಹಾಕಿದಳು.

"ಇದರಲ್ಲಿ ನನ್ನಂಥೋಳು ಒಬ್ಬಳು ಅವಳೆ ಕಣಕ್ಕಾ, ಓದು."

"ನಿನ್ನಂಥೋಳು ಅಂದ್ರೆ? ಅವಳಿಗೂ ಸೊಕ್ಕಾ?"

"ಸೊಕ್ಕೇ. ಅದೂ ಅಲ್ದೆ, ಅವಳಿಗೆ ಹುಡುಗರ ಮೇಲೂ ಆಸೆ ಬರಲ್ಲ, ಹುಡುಗೀರ ಮೇಲೂ ಬರಲ್ಲ. ಅದಕ್ಕೊಂದು ಹೆಸರೂ ಐತೆ, ಏಸೆಕ್ಶುವಲ್ ಅಂತಾರೆ. ನಮ್ಮ ಲೈಬ್ರರೀಲಿ ಮದುವೆ ಬೇಡ ಅನ್ನೋರ ಕತೆ ಬೇಕಾದಷ್ಟವೆ. ಆದ್ರೆ ಅವರೆಲ್ಲ ಇಲ್ಲಾ ಸನ್ಯಾಸಿ ಆಗ್ತಾರೆ, ಇಲ್ಲಾ ಅವರಿಗೆ ಯಾರೋ ಕೈಕೊಟ್ಟಿರ್ತಾರೆ. ಸುಮ್ನೆ ಬೋಂಡ ತಿನ್ಕೊಂಡು ನಗ್ತಾ ಇರೋಳು ಇವಳೊಬ್ಳೇ."

ಆಮೇಲೆ ಸ್ವಲ್ಪ ಮೆಲ್ಲಗೆ ಹೇಳಿದಳು: "ಹತ್ತನೇ ಕ್ಲಾಸಲ್ಲಿ ಎಲ್ಲರೂ ಹುಡುಗರ ಮಾತಾಡೋವಾಗ, ನನ್ನಲ್ಲೇ ಏನೋ ಕೆಟ್ಟೋಗೈತೆ ಅನ್ಕೊಂಡಿದ್ದೆ. ಆಗ ಈ ಪುಸ್ತಕ ಸಿಕ್ಕಿದ್ರೆ ಚೆನ್ನಾಗಿರ್ತಿತ್ತು."

ಓದಿದೆ. ಖೋಖೋ ಆಡುವ ಹುಡುಗಿ. ಜೊತೆಯ ಹುಡುಗನೊಬ್ಬನಿಗೆ ಅವಳೆಂದರೆ ಇಷ್ಟ. ಗೆಳತಿಯರು ರೇಗಿಸುತ್ತಾರೆಂದು ಇವಳೂ ಇಷ್ಟ ಇರುವ ಹಾಗೆ ನಟಿಸುತ್ತಾಳೆ, ಆಮೇಲೆ ಆಗದೆ ನಿಜ ಹೇಳಿಬಿಡುತ್ತಾಳೆ. ಅವನು ಮುನಿಸಿಕೊಂಡು ಸರಿಹೋಗುತ್ತಾನೆ. ಕೊನೆಗೆ ಮ್ಯಾಚು ಸೋತ ಅವರೆಲ್ಲ ಬಸ್ ಸ್ಟ್ಯಾಂಡಿನಲ್ಲಿ ನಗುತ್ತಾ ಬೋಂಡ ತಿನ್ನುತ್ತಾರೆ. ನಾನು ಹಾಳೆ ತಿರುಗಿಸಿದೆ. ಮುಂದೆ ರಟ್ಟು! ತಕ್ಷಣ ಫೋನು ಮಾಡಿದೆ.

"ಕೊನೇ ಹಾಳೆ ಕಿತ್ತೋಗೈತಲ್ಲೇ!"

"ಇಲ್ಲ ಕಣಕ್ಕಾ, ಅಷ್ಟೇ."

"ಮದುವೆ?"

"ಆಗಲ್ಲ."

"ಎರಡನೇ ಭಾಗ ಬರುತ್ತಾ?"

"ಅದರಲ್ಲೂ ಆಗಲ್ಲ!" ಅಂದು ಅವಳು ನಕ್ಕ ನಗು ಪಕ್ಕದಲ್ಲಿದ್ದ ನನ್ನ ಗಂಡನಿಗೂ ಕೇಳಿಸಿತು.

ನಮ್ಮದು ಕೊಬ್ಬರಿ ಮನೆ. ವರ್ಷದ ಹತ್ತಿರ ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಇಳಿಸಿ, ಸುಲಿದು, ಚಿಪ್ಪು ಒಡೆದು, ಒಳಗಿನ ಕೊಬ್ಬರಿ ಉಂಡೆಯನ್ನು ಗಾಯವಾಗದಂತೆ ಬಿಡಿಸಬೇಕು. ಚಿಪ್ಪು ಒಡೆಯುವ ಹೆಂಗಸರ ಜೊತೆ ನಾನೂ ಶೆಡ್ಡಿನಲ್ಲಿ ಕೂರುತ್ತೇನೆ. ಕೈಗೆ ಕೆಲಸ, ಬಾಯಿಗೆ ಬಿಡುವು. ಹಾಗಾಗಿ ಆ ಕತೆಯನ್ನು ದಿನಕ್ಕಿಷ್ಟು ಹೇಳಲು ಶುರುಮಾಡಿದೆ. ಟೀವಿ ಧಾರಾವಾಹಿಗಿಂತ ಚೆನ್ನಾಗಿ ನಡೆಯಿತು. ನಮ್ಮಲ್ಲಿ ಹಿರಿಯಳಾದ ಅಜ್ಜಿಯೊಬ್ಬಳು ಬೆಳಿಗ್ಗೆ ಬರುತ್ತಲೇ, "ಆ ಖೋಖೋ ಹುಡುಗಿ ಒಪ್ಕೊಂಡ್ಳಾ ಇಲ್ವಾ?" ಅನ್ನುತ್ತಿದ್ದಳು.

ಕೊನೆಯ ಕಂತಿನ ದಿನ ಎಲ್ಲರ ಕೈಯೂ ನಿಂತಿತ್ತು. ಅಷ್ಟೊಂದು ಮುಖ ನನ್ನನ್ನೇ ನೋಡುತ್ತಿರುವಾಗ ಬೋಂಡ ತಿಂದರು ಅನ್ನಲು ನನಗೆ ಧೈರ್ಯ ಬರಲಿಲ್ಲ. ಮದುವೆ ಮಾಡಿಬಿಟ್ಟೆ. ಸುಮ್ಮನೆ ಮಾಡಲಿಲ್ಲ, ಜೋರಾಗಿಯೇ ಮಾಡಿದೆ. ನನ್ನ ಧಾರೆ ಸೀರೆಯನ್ನೇ ಅವಳಿಗೆ ಉಡಿಸಿದೆ, ಊಟಕ್ಕೆ ಒಬ್ಬಟ್ಟು ಹಾಕಿಸಿದೆ, ಹುಡುಗನ ಅಪ್ಪನಿಂದ ಎರಡು ಎಕರೆ ತೆಂಗಿನ ತೋಟವನ್ನೂ ಬರೆಸಿದೆ.

"ನಂಗೊತ್ತಿತ್ತು ಕಣವ್ವ!" ಅಂದಳು ಅಜ್ಜಿ. "ಹುಡುಗಾಟ ಅದು, ಎಷ್ಟು ದಿನ ಇರ್ತದೆ? ನಿನ್ ತಂಗೀನೂ ಹಿಂಗೇ ಒಂದಿನ ಹೂಂ ಅಂತಾಳೆ, ನೋಡ್ತಿರು."

"ಹೂಂ ಮತ್ತೆ, ಅನ್ನದೆ ಎಲ್ಲಿಗ್ ಹೋಗ್ತಾಳೆ" ಅಂದೆ ನಾನು. ನಕ್ಕೆ ಕೂಡ.

ಅವತ್ತು ಯಾವುದೋ ಜಯಂತಿ, ಸ್ಕೂಲಿಗೆ ರಜ. ತಂಗಿ ಶೆಡ್ಡಿನ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದಳು. ಯಾವಾಗ ಬಂದಳೋ. ಜಗಳ ಆಡಲಿಲ್ಲ. ಎಲ್ಲರಿಗೂ ಟೀ ತಂದುಕೊಟ್ಟಳು, ಅಜ್ಜಿಯ ಮಂಡಿನೋವು ವಿಚಾರಿಸಿದಳು. ಹೊರಡುವಾಗ ಪುಸ್ತಕ ಕೇಳಿ ತೆಗೆದುಕೊಂಡಳು.

"ಇದೊಂದು ಕತೆ ಇತ್ತಕ್ಕಾ ನನಗೆ. ಇವಳಿಗೂ ಮದುವೆ ಮಾಡ್ಬುಟ್ಯಲ್ಲ."

ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಫೋನಿನಲ್ಲಿ ಚೆನ್ನಾಗಿಯೇ ಮಾತಾಡುತ್ತಿದ್ದಳು, ಹೊಸಬರ ಜೊತೆ ಮಾತಾಡುವಷ್ಟು ಚೆನ್ನಾಗಿ. ಅದೇ ನನಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಅವಳ ಮಾತನ್ನು ನಾನು ನಂಬಿದ ಹಾಗೆ ತಲೆಯಾಡಿಸಿದ್ದೆ ಅಷ್ಟೇ. ಒಳಗೊಳಗೆ ನಾನೂ ಅಜ್ಜಿಯ ಹಾಗೇ ಕಾಯುತ್ತಿದ್ದೆ. ಅದು ಅವಳಿಗೆ ಶೆಡ್ಡಿನಲ್ಲಿ ನಾನು ನಕ್ಕ ಆ ಒಂದು ನಗುವಿನಲ್ಲಿ ಗೊತ್ತಾಗಿಹೋಯಿತು.

ಒಂದು ದಿನ ನಾನೇ ಫೋನು ಮಾಡಿ, "ಪುಸ್ತಕ ತಗೊಂಡು ಬಾ. ಶೆಡ್ಡಲ್ಲಿ ಎಲ್ಲರ ಮುಂದೆ ನಾನು ಜೋರಾಗಿ ಓದಬೇಕು" ಅಂದೆ. ಬಂದಳು, ಆದರೆ ಶೆಡ್ಡಿನ ಒಳಗೆ ಬರದೆ ಬಾಗಿಲಲ್ಲೇ ಕೂತಳು. ನಾನು ಹೆಂಗಸರಿಗೆ, "ಅವತ್ತು ಹೇಳಿದ ಮದುವೆ ಸುಳ್ಳು. ನಾನೇ ಕಟ್ಟಿದ್ದು" ಅಂದೆ. ಗದ್ದಲವೋ ಗದ್ದಲ. "ಮತ್ತೆ ಆ ಎರಡು ಎಕರೆ?" ಅಂತ ಒಬ್ಬಳು. ಪುಸ್ತಕ ತೆರೆದು ಕೊನೆಯ ಪುಟಗಳನ್ನು ಓದಿದೆ. ಒತ್ತಕ್ಷರ ಬಂದಲ್ಲೆಲ್ಲ ಎಡವಿದೆ. ತಂಗಿ ತಿದ್ದಲಿಲ್ಲ, ನಗಲೂ ಇಲ್ಲ.

ಮುಗಿದ ಮೇಲೆ ಅಜ್ಜಿ ಕೇಳಿದಳು:

"ಮದುವೆ ಇಲ್ದೇನೂ ಹುಡುಗಿ ಚೆನ್ನಾಗವಳಾ?"

"ಚೆನ್ನಾಗವಳೆ ಕಣಜ್ಜಿ" ಅಂದಳು ತಂಗಿ, ಬಾಗಿಲಿಂದಲೇ.

"ಹಂಗಾದ್ರೆ ಹೋಗ್ಲಿ ಬುಡು. ಆ ಹುಡುಗನಿಗೆ ಬೇರೆ ಯಾರಾದ್ರೂ ಸಿಗ್ತಾರೆ."

ಎಲ್ಲರೂ ನಕ್ಕರು, ತಂಗಿಯೂ ನಕ್ಕಳು. ಆ ನಗುವಿನಲ್ಲಿ ಅವತ್ತು ನಾನಾಡಿದ ಮಾತು ತೇಲಿಹೋಗಿ ನಾನು ಬಚಾವಾಗಬಹುದಿತ್ತು. ಆದರೆ ಎದ್ದು ಬಾಗಿಲ ಹತ್ತಿರ ಹೋಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ತಪ್ಪಾಯ್ತು ಕಣೇ. ನೀನು ಹೇಳಿದ್ದನ್ನ ನಾನು ಯಾವತ್ತೂ ನಿಜ ಅಂತ ತಗೊಳ್ಳಲಿಲ್ಲ. ಒಂದಿನ ಬದಲಾಗ್ತೀಯ ಅಂತ ಕಾಯ್ತಾ ಇದ್ದೆ. ಇನ್ನು ಕಾಯಲ್ಲ. ನನ್ನ ಕ್ಷಮಿಸ್ಬುಡು."