ಬಾಗಿಲು ದಾಟದ ಈರುಳ್ಳಿ

ಮಾಮಿಯ ಬಲಗೈ ಹೆಬ್ಬೆರಳ ಉಗುರು ಸದಾ ಹಸಿರುಗಪ್ಪಾಗಿರುತ್ತಿತ್ತು. ಟೊಮೆಟೊ ಗಿಡದ ಕಂಕುಳಲ್ಲಿ ಹುಟ್ಟುವ ಬೇಡದ ಚಿಗುರನ್ನು ದಿನಾ ಬೆಳಿಗ್ಗೆ ಚಿವುಟಿ ಚಿವುಟಿ ಬಂದ ಬಣ್ಣ ಅದು. ಸೋಪಿಗೂ ಹೋಗುತ್ತಿರಲಿಲ್ಲ, ಹುಣಸೆಹಣ್ಣಿಗೂ ಹೋಗುತ್ತಿರಲಿಲ್ಲ. ರೇಷ್ಮೆ ಸೀರೆ ಉಟ್ಟು ಮದುವೆಗೆ ಹೊರಟಾಗಲೂ ಆ ಉಗುರೊಂದು ಟೆರೇಸಿನ ಮೇಲೆಯೇ ಉಳಿದುಬಿಟ್ಟಂತೆ ಕಾಣುತ್ತಿತ್ತು.

ಚೆನ್ನೈನ ತಾಂಬರಂನಲ್ಲಿ ಅವರದು ನಮ್ಮ ಎದುರು ಬಾಗಿಲು. ಉಡುಪಿ ಕಡೆಯವರು. ಆದರೆ ಈ ಊರಿನಲ್ಲಿ ಒಂದು ವಯಸ್ಸು ದಾಟಿ ಮಡಿಯಿಂದ ಓಡಾಡುವ ಹೆಂಗಸರೆಲ್ಲ ಮಾಮಿಯೇ. ಹಾಗಾಗಿ ವಾಚ್‌ಮನ್‌ಗೂ ಅವರು ಮಾಮಿ, ಹಾಸನದಿಂದ ಬಂದ ನನಗೂ ಮಾಮಿ. ಅವರ ಗಂಡ, ಅಂದರೆ ಮಾಮ, ಪ್ಯಾರೀಸ್ ಕಾರ್ನರ್ ಹತ್ತಿರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಜೀವಮಾನವೆಲ್ಲ ಸಾಂಬಾರು ಮಾಡಿದವರು.

ಮಾಮಿಯ ಟೆರೇಸ್ ತೋಟಕ್ಕೆ ನಾನು ಸೇರಿಕೊಂಡದ್ದು ಡಾಕ್ಟರ ಮಾತಿನ ಮೇಲೆ. ಸಕ್ಕರೆ ಗಡಿಯಲ್ಲಿದೆ, ಮನಸ್ಸಿಗೆ ಹಗುರವಾಗುವ ಏನಾದರೂ ಹವ್ಯಾಸ ಹಿಡಿಯಿರಿ ಎಂದಿದ್ದರು. ಪಾಪ, ಅವರಿಗೆ ನನ್ನ ಪರಿಚಯ ಸಾಲದು. ಅದುವರೆಗೆ ಸಕ್ಕರೆಯೊಂದರದೇ ಚಿಂತೆಯಿತ್ತು. ಆಮೇಲೆ ಎಲೆ ಮುದುರು, ಬಿಳಿನೊಣ, ಬೋರ್‌ವೆಲ್ಲಿನ ಉಪ್ಪುನೀರು, ಟೆರೇಸ್ ಸೋರಿ ಕೆಳಗಿನವರು ಜಗಳಕ್ಕೆ ಬಂದಾರೆಂಬ ಭಯ, ಎಲ್ಲವೂ ಜೊತೆಗೂಡಿದವು.

“ಮಾಮಿ, ಎಲೆ ಹಳದಿಯಾಗಿದೆ. ವೈರಸ್ಸೇ ಇರಬೇಕು.”

“ಕೆಳಗಿನ ಎಲೆ ಮಾರಾಯ್ರೆ. ಅದಕ್ಕೆ ವಯಸ್ಸಾಯಿತು. ನಿಮಗೆ ಆಗಲಿಲ್ಲವಾ?”

“ಉದುರಿಬಿಟ್ಟರೆ?”

“ನೀವು ಹೀಗೆ ಕಣ್ಣು ಬಿಟ್ಟು ನೋಡಿದರೆ ಯಾರಾದರೂ ಉದುರುವುದೇ.”

‘ಹೆದರುವವರ ಗಿಡ ನೀರು ಕುಡಿದೇ ಸಾಯುವುದು’ ಎನ್ನುವುದು ಅವರ ಗಾದೆ. ಯಾವ ಊರಿನದೋ ಗೊತ್ತಿಲ್ಲ, ನನ್ನನ್ನು ನೋಡಿಯೇ ಕಟ್ಟಿದ್ದಿರಬಹುದು. ಟೊಮೆಟೊ ಹೂಬಿಟ್ಟ ದಿನಗಳಲ್ಲಿ ಒಂದೊಂದು ಗೊಂಚಲಿನ ತೊಟ್ಟಿಗೂ ಬೆರಳಿನಿಂದ ಮೆಲ್ಲಗೆ ಟಪ್ಪೆಂದು ಹೊಡೆಯುತ್ತ ಹೋಗುತ್ತಿದ್ದರು, ನಿದ್ದೆ ಬಿಡದ ಮಕ್ಕಳ ಕೆನ್ನೆ ತಟ್ಟಿ ಎಬ್ಬಿಸುವ ಹಾಗೆ. ಪರಾಗ ಉದುರಿ ಕಾಯಿ ಕಚ್ಚಲಿ ಎಂದು. “ಜೇನುನೊಣಕ್ಕೆ ಲಿಫ್ಟ್ ಹತ್ತಲಿಕ್ಕೆ ಬರುವುದಿಲ್ಲ. ನಾವೇ ಮಾಡಬೇಕು” ಎನ್ನುತ್ತಿದ್ದರು.

ಟೊಮೆಟೊ, ಬೆಂಡೆ, ಬಸಳೆ, ಹರಿವೆ ಎಲ್ಲ ಇದ್ದ ಆ ತೋಟದಲ್ಲಿ ಈರುಳ್ಳಿ ಮಾತ್ರ ಇರಲಿಲ್ಲ. ನಮ್ಮ ಈರುಳ್ಳಿ ಅವರ ಬಾಯಲ್ಲಿ ನೀರುಳ್ಳಿ. ಬಾಯಲ್ಲಿ ಅಂದರೆ ಮಾತಿಗೆ ಮಾತ್ರ. ಮಾಮನ ತಾಯಿ ಮನೆಗೆ ನೀರುಳ್ಳಿ ನಿಷಿದ್ಧವೆಂದು ನೇಮ ಮಾಡಿದ್ದರು. ಮನೆಯ ದುಡ್ಡಿನಲ್ಲಿ ಅದನ್ನು ಕೊಳ್ಳಬಾರದು, ಬಾಗಿಲು ದಾಟಿಸಬಾರದು, ಒಲೆಗೆ ಏರಿಸಬಾರದು. ತಾಯಿ ಹೋದರು, ನೇಮ ಉಳಿಯಿತು. ಹೋಟೆಲಿನಲ್ಲಿ ದಿನಕ್ಕೊಂದು ಮೂಟೆ ಸಣ್ಣ ಈರುಳ್ಳಿ ಬೇಯಿಸುತ್ತಿದ್ದ ಮಾಮ ಲೋಕಲ್ ಟ್ರೇನಿನಲ್ಲಿ ಬಂದು, ಸ್ನಾನ ಮಾಡಿಯೇ ಅಡುಗೆಮನೆಗೆ ಕಾಲಿಡುತ್ತಿದ್ದರಂತೆ.

ಎರಡು ವರ್ಷದ ಹಿಂದೆ ಮಾಮನಿಗೆ ಮರೆವು ಶುರುವಾಯಿತು. ಮೊದಲು ಹೆಸರುಗಳು ಹೋದವು, ಆಮೇಲೆ ಹಗಲು ರಾತ್ರಿಯ ಲೆಕ್ಕ, ಕೊನೆಗೆ ಹಸಿವೆ. ಮಾಮಿ ಕಲಸಿ ಬಾಯಿಗಿಟ್ಟ ತುತ್ತನ್ನು ಹಾಗೇ ಇಟ್ಟುಕೊಂಡು ಕೂತುಬಿಡುತ್ತಿದ್ದರು. ಅಂಗಿಯೊಳಗೆ ಮನುಷ್ಯ ಕಡಿಮೆಯಾಗುತ್ತ ಬಂದರು. ಹಾಗಿರುವಾಗ ಒಂದು ಮಧ್ಯಾಹ್ನ ತಟ್ಟೆಯನ್ನು ದೂಡಿ, ಸ್ಪಷ್ಟವಾಗಿ, “ಇದೆಲ್ಲ ಬೇಡ, ಸಣ್ಣ ನೀರುಳ್ಳಿ ಸಾಂಬಾರು ಹಾಕು” ಎಂದರಂತೆ. ಮರುದಿನವೂ ಕೇಳಿದರು. ದಿನಾ ಕೇಳತೊಡಗಿದರು.

ಟೆರೇಸಿನಲ್ಲಿ ಮಗುಚಿಟ್ಟ ಬಕೆಟಿನ ಮೇಲೆ ಕೂತು ಮಾಮಿ ನನ್ನನ್ನೇ ಕೇಳಿದರು. “ಮದುವೆಯಾದ ಮರುದಿನ ಈ ನೇಮ ನನಗೆ ಹೇಳಿದ್ದು ಇವರೇ. ಈಗ ಹೇಳಿದವರು ಮರೆತರು, ಕೇಳಿಸಿಕೊಂಡವಳಿಗೆ ನೆನಪುಂಟು. ಎಂತ ಮಾಡುವುದು ಹೇಳಿ ನೋಡುವಾ.”

ನಾವೇ ಮಾಡಿ ಕೊಡುತ್ತೇವೆ ಎಂದೆ. ನನ್ನ ಹೆಂಡತಿ ಮಾಡಿಯೂ ಬಿಟ್ಟಳು. ಬಟ್ಟಲು ಹಿಡಿದು ಹೋದವಳನ್ನು ಮಾಮಿ ಬಾಗಿಲಲ್ಲೇ ತಡೆದರು. “ಬೇಜಾರು ಮಾಡಬೇಡ ಮಗಾ. ಇಷ್ಟು ವರ್ಷ ಇಲ್ಲ ಅಂದದ್ದು ಈ ಕೈ. ಕೊಡುವುದಿದ್ದರೆ ಇದೇ ಕೊಡಬೇಕು.”

ಒಂದು ವಾರ ಯೋಚಿಸಿ ದಾರಿ ಕಂಡುಕೊಂಡರು. ದುಡ್ಡು ಕೊಟ್ಟು ತಂದರಲ್ಲವೇ ದೋಷ? ಮಣ್ಣು ಕೊಟ್ಟರೆ? ಟೆರೇಸು ಮನೆಯೊಳಗಲ್ಲ. ಅಡುಗೆ ನಮ್ಮ ಒಲೆಯ ಮೇಲೆ, ಊಟ ನಮ್ಮ ಮೇಜಿನ ಮೇಲೆ. “ನಿಮ್ಮ ಬುಟ್ಟಿಯಲ್ಲಿ ಮೊಳಕೆ ಬಂದ ಸಣ್ಣ ನೀರುಳ್ಳಿ ಉಂಟಾ?” ಎಂದು ಕೇಳಿದಾಗ ಮುಖದಲ್ಲಿ ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಂಡ ಹುಡುಗಿಯ ಕಳೆಯಿತ್ತು.

ಡಿಸೆಂಬರ್ ಬಂದು ಇಲ್ಲಿಯ ಮಳೆಗಾಲ ಮುಗಿಯುತ್ತಿತ್ತು. ಟೊಮೆಟೊ ಸಸಿಗಳ ಪಕ್ಕದಲ್ಲೇ ನಾವಿಬ್ಬರೂ ಈರುಳ್ಳಿ ನೆಟ್ಟೆವು. ಗಡ್ಡೆ ಎಂದರೆ ಮಾಮಿಗೆ ಗೊತ್ತಿದ್ದದ್ದು ಊರಿನ ಸುವರ್ಣಗಡ್ಡೆ, ಕೆಸು, ಅರಿಶಿನ. ಅದೇ ಕ್ರಮದಲ್ಲಿ ಗೇಣುದ್ದ ಗುಂಡಿ ತೋಡಿ, ಹೂತು, ಮೇಲೆ ಮಣ್ಣು ಏರಿಸಿ, ತರಗೆಲೆ ಮುಚ್ಚಿದರು. ನಾನು ಭಕ್ತಿಯಿಂದ ನೀರು ಹಾಕಿದೆ. ದಿನ ಕಳೆದರೂ ಒಂದು ಎಲೆ ಮೇಲೆ ಬರಲಿಲ್ಲ. ಕೆದಕಿ ನೋಡಿದರೆ ಎಲ್ಲ ಕೊಳೆತು ನೀರಾಗಿತ್ತು.

ಅದುವರೆಗೆ ‘ನಿಮ್ಮಿಬ್ಬರ ಪಾರ್ಲಿಮೆಂಟಿಗೆ ನಾನ್ಯಾಕೆ’ ಎಂದು ದೂರವಿದ್ದ ನನ್ನ ಹೆಂಡತಿ ಅಂದು ಬಟ್ಟೆ ಒಣಗಿಸಲು ಬಂದವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅವಳು ಚಿತ್ರದುರ್ಗದ ಕಡೆಯವಳು, ಈರುಳ್ಳಿ ಹೊಲದಲ್ಲಿ ಆಡಿ ಬೆಳೆದವಳು.

“ಹೆಣ ಹೂತಂಗೆ ಹೂತಿದೀರಲ್ರೀ! ಈರುಳ್ಳಿ ಮಣ್ಣಿನ ಮೇಲೆ ಕೂತ್ಕಬೇಕು ಮಾಮಿ, ಒಳಗಲ್ಲ. ಮೂಗು ಹೊರಗಿರ್ಬೇಕು.”

“ಮದುವೆಯಾದ ಮೇಲೆ ನಾನು ಅದರ ಮುಖ ನೋಡಿದ್ದೇ ಇಲ್ಲವಲ್ಲ, ಮೂಗು ಎಲ್ಲಿಂದ ಗೊತ್ತಾಗಬೇಕು” ಎಂದು ಮಾಮಿ ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು. ಅಷ್ಟು ದಿನ ಹಾಳಾಯಿತಲ್ಲ. ಕೆಳಗೆ ಮಾಮ ಗಂಜಿಯನ್ನೂ ಬಿಡತೊಡಗಿದ್ದರು.

ಎರಡನೇ ಸಲ ಕೂರಿಸಿದವು ಎದ್ದವು. ಹಸಿರು ಕೊಳವೆಗಳು ಗಾಳಿಗೆ ಅಲ್ಲಾಡುವುದನ್ನು ಮಾಮಿ ಬಗ್ಗಿ ನೋಡುತ್ತಿದ್ದರು, ಮುಟ್ಟುತ್ತಿರಲಿಲ್ಲ. ಕೆಳಗೆ ಹೋಗಿ ಗಂಡನಿಗೆ “ಬರುತ್ತಾ ಉಂಟು, ಸ್ವಲ್ಪ ತಡೆಯಿರಿ” ಎನ್ನುತ್ತಿದ್ದರು. ಹಾಗೆಂದು ಎರಡು ತುತ್ತು ತಿನ್ನಿಸುತ್ತಿದ್ದರು.

ಶಿವರಾತ್ರಿಯ ಆಸುಪಾಸು, ಇಲ್ಲಿಯವರ ಮಾಸಿ ತಿಂಗಳ ಬಿಸಿಲು ಏರುವ ಹೊತ್ತಿಗೆ, ಒಂದು ಬೆಳಿಗ್ಗೆ, ಹಾಲಿನ ಪ್ಯಾಕೆಟ್ ತರಲು ಇಳಿದ ಮಾಮಿ ಮೆಟ್ಟಿಲ ಮೇಲೆ ಕೂತರು. ಸುಸ್ತಾಯಿತು, ಈಗ ಬಂದೆ ಎಂದು ವಾಚ್‌ಮನ್‌ಗೆ ಹೇಳಿದರಂತೆ. ಏಳಲಿಲ್ಲ. ನಾನು ಹೆದರುವ ನೂರು ಸಂಗತಿಗಳಲ್ಲಿ ಅದೊಂದು ಇರಲೇ ಇಲ್ಲ.

ತಿರುಚ್ಚಿಯಿಂದ ಮಾಮಿಯ ಮಗಳು ಬಂದಳು. ಮನೆ ತುಂಬ ನೆಂಟರು, ಪುರೋಹಿತರು. ಹದಿಮೂರನೆಯ ದಿನದ ಊಟಕ್ಕೆ ಬಾಳೆಕಾಯಿ, ಕುಂಬಳಕಾಯಿ, ಹಾಗಲಕಾಯಿ ಬಂದವು. ಅಂಥ ಅಡುಗೆಗೆ ಟೊಮೆಟೊ ಸಲ್ಲುವುದಿಲ್ಲ, ಈರುಳ್ಳಿಯ ಮಾತಂತೂ ಬೇಡ. ಮೇಲೆ ಮಾಮಿಯ ಟೊಮೆಟೊ ಗಿಡಗಳಲ್ಲಿ ಹಣ್ಣು ಕೆಂಪಗೆ ತೂಗುತ್ತಿತ್ತು. ಅವರು ಬೆಳೆಸಿದ್ದರಲ್ಲಿ ಒಂದೂ ಅವರ ಹೆಸರಿನ ಎಲೆಗೆ ಬರಲಿಲ್ಲ. ಈರುಳ್ಳಿಯ ಎಲೆಗಳು ಬಾಗಿ ನೆಲಕ್ಕೆ ಒರಗಿದ್ದವು. ಕೀಳುವ ಕಾಲ ಬಂತು ಎಂದು ಹೆಂಡತಿ ಹೇಳಿದಳು.

ಮರುದಿನ ಸಂಜೆಯ ರೈಲಿಗೆ ಮಗಳು ಮಾಮನನ್ನು ಕರೆದುಕೊಂಡು ಹೊರಡುವವಳಿದ್ದಳು. ಮೇಲಿನ ಈರುಳ್ಳಿಯ ವಿಷಯ ಅವಳಿಗೆ ಹೇಳಿದರೆ, ಅವಳ ಸತ್ತ ತಾಯಿಯ ನೇಮ ಮುರಿದವನೆನಿಸಿಕೊಳ್ಳುತ್ತೇನೆ. ಹೇಳದಿದ್ದರೆ ಮಾಮ ಸಾಂಬಾರು ಕೇಳುತ್ತಲೇ ರೈಲು ಹತ್ತುತ್ತಾರೆ. ಬೆಳಿಗ್ಗೆಯೆಲ್ಲ ಇದನ್ನೇ ಜಗಿದೆ. ಅಷ್ಟರಲ್ಲಿ ಕುಂಡಗಳನ್ನು ಯಾರಿಗೆ ಕೊಡುವುದೆಂದು ಕೇಳಲು ಅವಳೇ ಟೆರೇಸಿಗೆ ಬಂದಳು, ಈರುಳ್ಳಿಯ ಮುಂದೆ ನಿಂತಳು.

“ಇದು ನಿಮ್ದಾ ಅಂಕಲ್, ವೆಂಗಾಯ?”

“ಅಲ್ಲಮ್ಮ. ನಿಮ್ಮ ಅಮ್ಮನದು.”

“ಚಾನ್ಸೇ ಇಲ್ಲ! ನಿಮ್ಮನೆ ಒಗ್ಗರಣೆ ವಾಸನೆ ಬಂದ್ರೆ ಅಮ್ಮಾ ಕಿಟಕಿ ಮುಚ್ತಾ ಇದ್ರು.”

ಹೇಳಿದೆ. ಕೊಳೆತದ್ದನ್ನು ಮೊದಲು, ನೆಟ್ಟದ್ದನ್ನು ಆಮೇಲೆ, ನಡುವೆ ಉಪ್ಪುನೀರಿನ ವಿಷಯ, ಹೀಗೆ ತಲೆಬುಡವಿಲ್ಲದೆ ಹೇಳಿದೆ. ಅವಳು ಬಕೆಟಿನ ಮೇಲೆ ಕೂತು ಕೇಳಿಸಿಕೊಂಡಳು.

“ಅಪ್ಪಾನೇ ಕೇಳಿದ್ರಾ? ನಿಜಮಾವಾ?”

“ದಿನಾ ಕೇಳ್ತಿದ್ರು.”

ಅವಳು ಸೆರಗು ಸಿಕ್ಕಿಸಿ, ಬಗ್ಗಿ, ಮೊದಲ ಗೊಂಚಲನ್ನು ತಾನೇ ಕಿತ್ತಳು.

ನಮ್ಮ ಒಲೆಯ ಮೇಲೆ, ನನ್ನ ಹೆಂಡತಿ ಹೇಳಿಕೊಟ್ಟಂತೆ, ಮಗಳೇ ಸಾಂಬಾರು ಮಾಡಿದಳು. ಮಾಮಿಯ ಟೊಮೆಟೊವನ್ನೂ ಹಾಕಿದಳು. ಮಾಮನನ್ನು ಕೈಹಿಡಿದು ನಮ್ಮ ಮನೆಗೆ ತಂದು ಕೂರಿಸಿದೆವು. ಮೊದಲ ತುತ್ತು ಸ್ವಲ್ಪ ಹೊತ್ತು ಬಾಯಲ್ಲೇ ನಿಂತಿತು. ನುಂಗಿದರು. ಇನ್ನೊಂದಕ್ಕೆ ತಾವೇ ಕೈ ಹಾಕಿದರು.

“ಯಾರು ಮಾಡಿದ್ದು?”

“ಅಮ್ಮಾ ಬೆಳೆಸಿದ್ದು ಅಪ್ಪಾ.”

ಮಾಮ ತಟ್ಟೆಯನ್ನೇ ನೋಡಿದರು. ಅನ್ನದ ನಡುವಿನಿಂದ ಈರುಳ್ಳಿಗಳನ್ನು ಒಂದೊಂದಾಗಿ ಹೆಕ್ಕಿ ಅಂಚಿಗೆ ಸರಿಸತೊಡಗಿದರು.

“ಸೇರಲಿಲ್ವಾ ಅಪ್ಪಾ?”

“ಅವಳಿಗೆ ಇರಲಿ. ಅವಳಿಗೆ ನೀರುಳ್ಳಿ ಅಂದರೆ ಪ್ರಾಣ. ಅವಳ ಅಪ್ಪ ಹೇಳಿದ್ದರು, ಮದುವೆಯ ದಿನ.”

ನಮಗೆ ಯಾರಿಗೂ ಗೊತ್ತಿರಲಿಲ್ಲ, ಮಗಳಿಗೂ. ಮಾಮನಿಗೆ ಗೊತ್ತಿತ್ತು, ಮದುವೆಯ ಮರುದಿನ ನೇಮ ಹೇಳುವಾಗಲೂ.

ಮಗಳು ಆ ಈರುಳ್ಳಿಗಳನ್ನು ಒಂದು ಬಟ್ಟಲಿಗೆ ಎತ್ತಿಟ್ಟು ತಟ್ಟೆ ಮುಚ್ಚಿದಳು. ಮುಚ್ಚುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಮಾಮ ಊಟ ಮುಂದುವರಿಸಿದರು.