ಹಿಮದಾಗ ಬಿದ್ದಾಕಿ ಹೆಂಗ ಎದ್ಲು?

ಟೀವಿಯವರಿಗೆ ಒಂದ ಮಾತು ಕೇಳೂದೈತಿ ನನಗ. ಒಬ್ಬಾಕಿ ಬಿದ್ಲಂದ್ರ ಮುಂದ ಏನಾದ್ಲು ಅಂತ ನೋಡೂ ಮನಸ ನಿಮಗ ಒಂದೀಟೂ ಬರಂಗಿಲ್ಲೇನ್ರಿ?

ಸುಮ್ಮ ಕೇಳಾಕ ಹತ್ತಿಲ್ಲ ನಾ. ರಾಮದುರ್ಗದ ಬಸ್ ಸ್ಟ್ಯಾಂಡ್ ಹತ್ರ ನಂದೊಂದು ಖಾನಾವಳಿ ಐತಿ. ರೊಟ್ಟಿ ಬಡಿಯೂದು, ಪಲ್ಯ ಮಾಡೂದು ನಂದು. ಮುಂದ ಗಲ್ಲಾದಾಗ ಕುಂತು ಬಂದವರನ್ನ ಮಾತಾಡ್ಸೂದು ನನ್ನ ತಂಗೀದು. ಆಕಿ ಇರೂದು ಗಾಲಿಕುರ್ಚಿ ಮ್ಯಾಲ. ಸವದತ್ತಿ ರಸ್ತೆದಾಗ, ಹಿಂದ ದೀಪಿಲ್ಲದ ಕಬ್ಬಿನ ಟ್ರ್ಯಾಕ್ಟರಿಗೆ ಆಕಿ ಗಾಡಿ ಬಡದು, ಸ್ವಂಟದ ಕೆಳಗ ಶಕ್ತಿ ಹೋತು. ಅಳೂದನ್ನೆಲ್ಲಾ ಆವಾಗ ಅತ್ತು ಮುಗಿಸೇವಿ.

ಉಳಿದಿದ್ದು ಒಂದ ಸಂಕಟ. ಕುರ್ಚಿಯಿಂದ ಜಾರಿ ನೆಲಕ್ಕ ಬಿದ್ಲಂದ್ರ ಮತ್ತ ಮ್ಯಾಲ ಏರಾಕ ಆಕಿಗೆ ಆಗತಿರಲಿಲ್ಲ. ನಾ ಒಬ್ಬಾಕಿ ಎತ್ತಾಕ ಸಾಲಂಗಿಲ್ಲ. ಊಟಾ ಮಾಡಾವರು ತಾಟು ಬಿಟ್ಟು ಪಲ್ಯದ ಕೈಲೇ ಓಡಿ ಬರ್ತಿದ್ರು. ಒಬ್ಬಾಂವ ಬಗಲಾಗ ಕೈ ಹಾಕಾಂವ, ಇನ್ನೊಬ್ಬಾಂವ ಕಾಲು ಹಿಡಿಯಾಂವ, ಜ್ವಾಳದ ಚೀಲ ಎತ್ತಿದಂಗ ಎತ್ತಿ ಕುಂಡ್ರಸಾವರು. ಅವರದೇನ ತಪ್ಪಿಲ್ಲ ಬಿಡ್ರಿ, ಒಳ್ಳೇ ಮಂದೀನ. ಆದ್ರ ನನ್ನ ತಂಗಿ ಅವರ ಮುಂದ ನಕ್ಕು, ಒಳಗ ಬಂದು ತೋಳು ತಿಕ್ಕಿ ತಿಕ್ಕಿ ತೊಳಕೊಳ್ತಿದ್ಲು. "ಗುರ್ತಿಲ್ಲದ ಗಂಡಸರ ಕೈ ಮೈಮ್ಯಾಲ ಇನ್ನ ಎಷ್ಟ ದಿನ ಅಕ್ಕಾ?" ಅಂತಿದ್ಲು.

ಮಾರ್ಚ್ ತಿಂಗಳು. ಹೊರಗ ಬಿಸಲು, ಒಳಗ ಹಂಚಿನ ಝಳಾ. ಟೀವಿಯಾಗ ಎಲ್ಲೋ ಹೊರದೇಶದಾಗ ಅಂಗವಿಕಲರ ಚಳಿಗಾಲದ ಆಟ ನಡದಿದ್ವು. ಹಿಮದಾಗ ಜಾರೂ ಪಟ್ಟಿಗೆ ಒಂದು ಕುರ್ಚಿ ಕಟ್ಟಿ, ಅದರಾಗ ಕುಂತು, ಎರಡೂ ಕೈಯಾಗ ಕೋಲು ಹಿಡಕೊಂಡು ಗುಡ್ಡ ಇಳೀತಾರ ಅವರು. ಕಾಲಾಗ ಶಕ್ತಿ ಇಲ್ಲದವರು, ನನ್ನ ತಂಗಿಯಂಗ. ಒಬ್ಬಾಕಿ ತಿರುವಿನಾಗ ದಬಕ್ಕನ ಬಿದ್ಲು. ತಂಗಿ ಮೆಂತೇ ಸೊಪ್ಪು ಬಿಡಸೂದು ಬಿಟ್ಟು ಟೀವಿ ಹತ್ರ ಕುರ್ಚಿ ದೂಡಕೊಂಡು ಹೋದ್ಲು. "ಅಕ್ಕಾ, ಬಾ ಇಲ್ಲೆ ಲಗೂನ. ಈಕಿ ಹೆಂಗ ಏಳತಾಳ ನೋಡೂಣು."

ಏನ್ ನೋಡೂದು, ಮಣ್ಣು! ಬಿದ್ದಿದ್ದನ್ನ ಮದಲ ಮ್ಯಾಲಿಂದ ತೋರಿಸಿದ್ರು. ಆಮ್ಯಾಲ ಬಾಜೂದಿಂದ. ಆಮ್ಯಾಲ ನಿಧಾನಕ, ಹಿಮ ಸಿಡಿಯೂದು, ತಲಿ ಬಡಿಯೂದು, ಬಾಯಿ ತೆರಿಯೂದು. ಹಿಂದ ಪಿಟೀಲು ಬ್ಯಾರೆ, ಯಾರೋ ಸತ್ತಾರ ಅನ್ನೂಹಂಗ. ಅದ ಮುಗಿದಕೂಡ್ಲೆ ಪಾನ್ ಮಸಾಲಾ ಜಾಹೀರಾತು. ತಿರುಗಿ ಬರೂದ್ರಾಗ ಆಕಿ ಎದ್ದು, ಗುಡ್ಡಾ ಇಳದು, ನೀರು ಕುಡ್ಯಾಕ ಹತ್ತಿದ್ಲು. ನಡುವಿಂದು ಎಲ್ಲಿ ಹೋತು? ಯಾರ ನುಂಗಿದ್ರು?

ಅವತ್ತಿಂದ ನನ್ನ ತಂಗಿ ಕಾಯಾಕ ಹತ್ತಿದ್ಲು. ದಿನಾ ಮಧ್ಯಾಹ್ನ ಅದ ಚಾನೆಲ್. "ಕ್ರಿಕೆಟ್ ಹಚ್ರಿ ಅಕ್ಕಾರ" ಅಂತ ಗಿರಾಕಿಗಳು ಅಂದ್ರ, "ಉಣ್ಣಾಕ ಬಂದೀರೋ, ಟೀವಿ ನೋಡಾಕ ಬಂದೀರೋ?" ಅಂತ ನಾನ ಬಾಯಿ ಮುಚ್ಚಸ್ತಿದ್ದೆ. ಆದ್ರ ಆಟ ಎಲ್ಲಿ ತೋರಸ್ತಿದ್ರು? ಕೋಟು ಹಾಕ್ಕೊಂಡ ಮಂದಿ ಸಾಲಾಗಿ ಕುಂತು ಹರಟಿ ಹೊಡಿಯೂದು. ಫ್ರಿಜ್ಜಿನ ಬರ್ಫ ಬಿಟ್ಟು ಬ್ಯಾರೆ ಹಿಮಾ ಮುಟ್ಟಿದ ಮಾರಿ ಅಲ್ಲ ಒಂದೂ. "ಇವರ ಆತ್ಮಸ್ಥೈರ್ಯ ನೋಡಿ" ಅಂತ ಒಬ್ಬ, "ವಿಧಿಯಾಟಕ್ಕೇ ಸೆಡ್ಡು ಹೊಡೆದವರು" ಅಂತ ಮತ್ತೊಬ್ಬ. ವಿಧಿ ಅಂತ, ವಿಧಿ! ದೀಪಾ ಹಚ್ಚದ ಟ್ರ್ಯಾಕ್ಟರಿಗೆ ವಿಧಿ ಅಂತ ಹೆಸರಿಟ್ಟಾವರು ಯಾರ್ರಿ? ಆಟದಾಕಿಯ ಅವ್ವನ ಕಣ್ಣೀರು ತೋರ್ಸಾಕ ಇವರಿಗೆ ವ್ಯಾಳ್ಯಾ ಐತಿ, ಮನ್ಯಾಗಿನ ನಾಯಿ ತೋರ್ಸಾಕ ವ್ಯಾಳ್ಯಾ ಐತಿ. ಆಕಿ ಆಡೂದು ತೋರ್ಸಾಕ ಅಷ್ಟ ಇಲ್ಲ. ಅವರು ಅಲ್ಲಿತನಕ ಹೋಗಿದ್ದು ಆಡಾಕ, ನೀವು ಕುಂತು ಅಳ್ಳಿ ಅಂತ ಅಲ್ಲ. ಒಂದೊಂದ ಸಲ ಟೀವಿಗೆ ಹಿಟ್ಟಿನ ಮುದ್ದಿ ಎತ್ತಿ ಒಗೀಬೇಕು ಅನಸ್ತಿತ್ತು ನನಗ.

ಫೋನಿನಾಗರ ಸಿಗತೈತೇನ ಅಂತ ತಂಗಿ ಹುಡುಕಿದ್ಲು. ಅಲ್ಲೂ ಬೀಳೂದನ್ನಷ್ಟ ಕತ್ತರಿಸಿ ಒಂದರ ಹಿಂದ ಒಂದು ಜೋಡಿಸಿ ಹಾಕ್ಯಾರ, ನೋಡಿದವರು ಕೆಳಗ ಕಮೆಂಟಿನಾಗ ಹಲ್ಲು ಕಿಸದಾರ. ದವಾಖಾನಿಯವರ ವಿಡಿಯೋ ಇದ್ವು ಖರೆ. ಅವರ ಹತ್ರ ಮೆತ್ತನ್ನ ಗಾದಿ, ಬಾಜೂಕ ಇಬ್ಬರು ನರ್ಸು. ನಮ್ಮಲ್ಲಿ ಏನೈತಿ? ನೀರು ಚೆಲ್ಲಿದ ಫರಸಿ ನೆಲ, ಒಲಿ ಮುಂದ ನಾನು. "ಥೂ ಇವರ!" ಅಂತ ಫೋನ್ ಮೂಲಿಗೆ ಒಗದ್ಲು.

ಆಟ ಮುಗಿಯೂ ಹೊತ್ತಿಗೆ ಒಂದ ಸಲ, ಅದೂ ಅವರ ಅಜಾಗರೂಕತೆಯಿಂದ, ಒಂದೀಟು ಕಂಡತು. ಗೆದ್ದಾಕಿ ಮಾರಿ ತೋರ್ಸೂ ಅವಸರದಾಗ ಕ್ಯಾಮೆರಾ ಹೊಳ್ಳಿಸಿದ್ರು, ಹಿಂದ ಬಿದ್ದಿದ್ದ ಒಬ್ಬಾಕಿ ಟೀವಿ ಮೂಲ್ಯಾಗ ಕಂಡ್ಲು. ಕೈ ಮೈಗೆ ಹತ್ತಿಸಿ ಊರಿದ್ಲು, ತಲೀನ ಮಣಕಾಲಿನ ತನಕ ಬಗ್ಗಿಸಿದ್ಲು, ಹಿಂದಿನ ಭಾಗ ತಾನ ಮ್ಯಾಲೆದ್ದತು. ಅಷ್ಟರಾಗ ಮತ್ತ ಜಾಹೀರಾತು. "ತಲಿ ಮುಂದ ಬಗ್ಗಸಬೇಕು ಅಕ್ಕಾ! ನಾ ಹಿಂದಕ್ಕ ಚೆಲ್ಲತಿದ್ದೆ!" ಅಂತ ತಂಗಿ ಚೀರಿದ್ಲು. ಉಣ್ಣಾವರು ಗಾಬರಿಯಾಗಿ ನೋಡಿದ್ರು.

ಮುಂದ ಸ್ವಲ್ಪ ದಿನಕ್ಕ, ಊಟದ ಗದ್ದಲದಾಗ, ಕೆಳಗ ಬಿದ್ದ ಚಮಚ ಎತ್ತಾಕ ಬಗ್ಗಿ ತಂಗಿ ಜಾರಿ ಬಿದ್ಲು. ಎಲ್ಲಾರೂ ಎದ್ರು. ನಾ ಹಿಟ್ಟಿನ ಕೈಲೇ ಅಡ್ಡ ನಿಂತೆ. "ಯಾರೂ ಮುಟ್ಟಬ್ಯಾಡ್ರಿ! ಕುಂತು ಊಟಾ ಮಾಡ್ರಿ!" ಎಲ್ಲಾರೂ ಕುಂತ್ರು. ಒಬ್ಬ ಬಸ್ ಕಂಡಕ್ಟರ ಮಾತ್ರ ಕಿಸೆದಾಗಿಂದ ಫೋನ್ ತಗದು ಹಿಡದ. ಕಸಗೊಳ್ಳಾಕ ಹೊಂಟೆ.

"ಬಿಡಕ್ಕಾ" ಅಂದ್ಲು ತಂಗಿ, ನೆಲದ ಮ್ಯಾಲಿಂದನ. "ತಗೀರಿ ಅಣ್ಣಾರ. ಆದ್ರ ನಡುವ ಬಂದ್ ಮಾಡಬ್ಯಾಡ್ರಿ. ನಾ ಕುರ್ಚಿ ಏರೂತನಕ ತಗೀರಿ. ನನಗ ಒಬ್ಬಾಕಿಗೇ ಕಳಸ್ರಿ, ಬ್ಯಾರೆಲ್ಲೂ ಹಾಕಬ್ಯಾಡ್ರಿ."

ಆಕಿ ಮದಲ ಕುರ್ಚಿ ಗಾಲಿ ಬಿಗಿ ಮಾಡಿದ್ಲು. ಊಟಕ್ಕ ಕುಂಡ್ರೂ ಕಟಗಿ ಮಣಿ ಒಂದು ಎಳಕೊಂಡು, ಅದರ ಮ್ಯಾಲ ಏರಿದ್ಲು. ಅಲ್ಲಿಂದ ಬಾಜೂಕಿದ್ದ ಸಣ್ಣ ಸ್ಟೂಲಿಗೆ ಏರಾಕ ಹೋಗಿ ಜಾರಿದ್ಲು. ಕುರ್ಚಿಗೆ ಕೆಟ್ಟ ಬೈಗುಳ ಬೈದ್ಲು, ನಾ ಇಲ್ಲಿ ಬರಿಯಂಗಿಲ್ಲ. ಮತ್ತ ಕೈ ಊರಿದ್ಲು. ತಲಿ ಬಗ್ಗಿಸಿದ್ಲು. ಸ್ಟೂಲ್ ಮ್ಯಾಲ ಕುಂತು ಉಸಿರು ತಗೊಂಡ್ಲು. ಹಂಚಿನ ಮ್ಯಾಲ ರೊಟ್ಟಿ ಸುಟ್ಟು ವಾಸನಿ ಹೊಡ್ಯಾಕ ಹತ್ತಿತ್ತು, ನಾ ಅಲ್ಲಿಂದ ಅಳ್ಳಾಡ್ಲಿಲ್ಲ. ಕಡೀಕ ಆಕಿ ಕುರ್ಚಿ ಏರಿ ಕುಂತು, ವಸ್ತ್ರ ಸರಿ ಮಾಡಕೊಂಡ್ಲು.

ಕಂಡಕ್ಟರ ಫೋನ್ ಆಕಿ ಕೈಗೆ ಕೊಟ್ಟ. ಅಲ್ಲೆ ಕುಂತು ನೋಡಿದ್ಲು, ಮತ್ತ ಹಚ್ಚಿ ನೋಡಿದ್ಲು. ಅಂವ ಫೋನ್ ತಗಿಯೂದು ತಡಾ ಮಾಡಿದ್ದ. ಹಿಂಗಾಗಿ ಅದರಾಗ ಬಿದ್ದಿದ್ದು ಇರಲೇ ಇಲ್ಲ, ಬರೇ ಎದ್ದಿದ್ದಷ್ಟ ಇತ್ತು.

"ಎಡಗೈ ಮೈಯಿಂದ ದೂರ ಇಟ್ಟೇನಿ ನೋಡಕ್ಕಾ" ಅಂದ್ಲು. "ಮುಂದಿನ ಸಲ ಇನ್ನೂ ಲಗೂನ ಏಳತೇನಿ."