ಏಳು ಹಾಡು, ಒಂದು ಮಾತು

ಒಂದು ಕಾದಂಬರಿಯಲ್ಲಿ ಇನ್ನೂರು ಪುಟ ಬಾಯಿ ಬಿಡದೆ ಕೂತ ಹೆಂಗಸಿಗೆ ಏಳು ಹಾಡು ಬರೆದುಕೊಟ್ಟ ಪುಣ್ಯಾತ್ಮ ನಾನು. ಕುಡಿದಿರಲಿಲ್ಲ, ಜ್ವರವೂ ಇರಲಿಲ್ಲ. ಸಂಗೀತ ನಾಟಕ ಅಂದಮೇಲೆ ನಾಯಕಿ ಹಾಡಲೇಬೇಕಲ್ಲ ಎಂಬ ತಿಳಿವಳಿಕೆ, ಅಷ್ಟೇ.

ಕಾದಂಬರಿ ಬರೆದವರು ಕುಣಿಗಲ್ ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದ ಮಿಸ್ಸು. ಗಂಡನ ಜೊತೆ ಮಾತು ಬಿಟ್ಟ ಒಬ್ಬಳ ಕಥೆ. ಕೊನೆಯ ಪುಟದಲ್ಲಿ ಅವಳು ಒಂದೇ ಮಾತಾಡುತ್ತಾಳೆ: "ನಾನೂ ಇಲ್ಲೇ ಇದ್ದೆ." ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ನಾಟಕ ಮಾಡುತ್ತೇನೆ ಎಂದಾಗ ಮಿಸ್ಸು ಷರತ್ತು ಹಾಕಿದರು.

"ಮಿಕ್ಕಿದ್ದು ಏನಾದ್ರೂ ಮಾಡ್ಕೊ. ಆ ಮಾತು ಮಾತ್ರ ಸುಮ್ಮನಿರೋ ಸ್ಟೇಜಲ್ಲಿ ಕೇಳ್ಬೇಕು. ಕುಣಿಗಲ್ ಶೋಗೆ ಬರ್ತೀನಿ. ಅದು ಸರಿಯಾಗಿದ್ರೆ ಎಷ್ಟು ಊರಲ್ಲಾದ್ರೂ ಆಡು. ಇಲ್ದಿದ್ರೆ ಅವತ್ತಿಗೇ ಕೊನೆ."

"ಬುಡಿ ಮಿಸ್, ನಾನಿದೀನಲ್ಲ," ಅಂದೆ. ನಾನಿದ್ದದ್ದೇ ತೊಂದರೆ ಎಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಮೊದಲ ಆಟ ತುಮಕೂರಿನಲ್ಲಿ. ಮುಖ್ಯ ಅತಿಥಿ ರಂಗಭೂಮಿ ಸಾಯುತ್ತಿದೆ ಎಂದು ಮುಕ್ಕಾಲು ಗಂಟೆ ಗೋಳಾಡಿ, ನಾಟಕ ಶುರುವಾಗುವ ಮುಂಚೆ ಕಾರು ಹತ್ತಿದರು. ಹಿಂದೆಯೇ ಅವರ ಭಕ್ತವೃಂದ. ಮೂರನೇ ಹಾಡಿಗೆ ನಟರ ಅಪ್ಪ ಅಮ್ಮಂದಿರೂ ಫೋನು ತೆಗೆದು ಟೈಮು ನೋಡತೊಡಗಿದರು. ಕೊನೆಯ ಮಾತು ಬಂದಾಗ ಸಭಾಂಗಣ ನಿಶ್ಶಬ್ದ. ಸದ್ದು ಮಾಡಲು ಜನ ಇರಬೇಕಲ್ಲ.

ಎರಡನೆಯದು ಗುಬ್ಬಿಯಲ್ಲಿ. ಗುಬ್ಬಿಯವರಿಗೆ ನಾಟಕ ಗೊತ್ತು ಅನ್ನುವುದನ್ನು ಗುಬ್ಬಿಯವರೇ ಹೇಳುತ್ತಾರೆ, ಕೇಳದಿದ್ದರೂ. ಆಟ ಮುಗಿದ ಮೇಲೆ ಒಬ್ಬ ಮುದುಕ ನನ್ನ ತೋಳು ಹಿಡಿದ.

"ಏನ್ಲಾ, ಏಳು ಹಾಡ್ನಾಗೆ ಒಂದಕ್ಕೂ ಒನ್ಸ್‌ಮೋರ್ ಬೀಳ್ಲಿಲ್ವಲ್ಲ. ನಮ್ ಕಾಲ್ದಾಗೆ ಒನ್ಸ್‌ಮೋರ್ ಅಂದ್ರೆ ಸತ್ ಬಿದ್ದಿರೋ ರಾಜನೂ ಎದ್ದು, ಹಾಡಿ, ಮತ್ತೆ ಸಾಯೋನು. ನಿನ್ ನಾಟಕದಾಗೆ ಬದುಕಿರೋರೇ ಸತ್ತಂಗವ್ರೆ."

ಪಕ್ಕದಲ್ಲಿದ್ದ ನಮ್ಮ ಹಾರ್ಮೋನಿಯಂ ಮೇಷ್ಟ್ರ ಮುಖ ಕಪ್ಪಿಟ್ಟಿತು. ಅವರು ಹಳೇ ಕಂಪನಿ ನಾಟಕದವರು. ಒನ್ಸ್‌ಮೋರ್ ಬಂದರೂ ಹಾಡದಿರುವುದು ಪ್ರೇಕ್ಷಕರಿಗೆ ಮಾಡುವ ಅವಮಾನ, ಬರದೇ ಇರುವುದು ಹಾರ್ಮೋನಿಯಂಗೆ ಆಗುವ ಅವಮಾನ ಎಂಬುದು ಅವರ ಸಿದ್ಧಾಂತ. ಅವರನ್ನು ನೋಡಿ ನನಗೊಂದು ಉಪಾಯ ಹೊಳೆಯಿತು. ನನಗೆ ಉಪಾಯ ಹೊಳೆದಾಗಲೆಲ್ಲ ಯಾರಾದರೂ ನನ್ನನ್ನು ಕಂಬಕ್ಕೆ ಕಟ್ಟಬೇಕು. ಹಾಗಲವಾಡಿಯ ನಾಲ್ವರು ಗೆಳೆಯರನ್ನು ಕುಣಿಗಲ್‌ಗೆ ಕರೆದುಕೊಂಡು ಹೋಗಿ ಪ್ರೇಕ್ಷಕರ ನಡುವೆ ಕೂರಿಸಿದೆ.

"ಯಾವಾಗ ಕೂಗ್ಬೇಕ್ಲಾ?"

"ನಾಯಕಿ ಬಾಯ್ ತೆಗ್ದು ಮುಚ್ಚಿದ್ ತಕ್ಷಣ."

"ಅಷ್ಟೇನಾ? ಕಣ್ ಮುಚ್ಕೊಂಡ್ ಮಾಡ್ತೀವಿ ಬುಡು."

ಮಿಸ್ಸು ಮುಂದಿನ ಸಾಲಿನಲ್ಲಿ ಕನ್ನಡಕ ಒರೆಸಿಕೊಂಡು ಕೂತರು. ಏಳು ಹಾಡಿಗೂ ಒನ್ಸ್‌ಮೋರ್ ಬಿತ್ತು. ಹದಿನಾಲ್ಕು ಹಾಡಾಯಿತು. ಒಂದನ್ನೇ ತಡೆಯಲಾಗದ ಜನ ಹದಿನಾಲ್ಕನ್ನು ತಡೆದುಕೊಂಡರು. ಮೇಷ್ಟ್ರ ಮುಖದಲ್ಲಿ ಮದುವೆ ಕಳೆ.

ಆಮೇಲೆ ಕೊನೆಯ ದೃಶ್ಯ. ಮೇಷ್ಟ್ರು ಹಾರ್ಮೋನಿಯಂನಿಂದ ಕೈ ತೆಗೆದರು. ಎಲ್ಲ ಸ್ತಬ್ಧ. ನಾಯಕಿ ಪಾತ್ರದ ಹುಡುಗಿ ಗಂಡನ ಪಾತ್ರದವನತ್ತ ತಿರುಗಿ, ಸಣ್ಣ ದನಿಯಲ್ಲಿ, ಎಷ್ಟು ಚೆನ್ನಾಗಿ ಹೇಳಿದಳೆಂದರೆ ನನಗೇ ನಾಚಿಕೆಯಾಯಿತು: "ನಾನೂ ಇಲ್ಲೇ ಇದ್ದೆ." ಮಿಸ್ಸು ಕುರ್ಚಿಯ ತುದಿಗೆ ಬಂದರು.

ಹುಡುಗಿ ಬಾಯಿ ಮುಚ್ಚಿದಳು.

"ಒನ್ಸ್‌ಮೋರ್," ಎಂದು ನಾಲ್ಕು ಗಂಟಲು ಒಟ್ಟಿಗೆ ಕೂಗಿದವು.

ಅವಳು ಗಾಬರಿಯಾಗಿ ಅದನ್ನೇ ಮತ್ತೆ ಹೇಳಿದಳು. ಮತ್ತೆ ಒನ್ಸ್‌ಮೋರ್. ಮೇಷ್ಟ್ರ ಹಳೇ ರಕ್ತ ಕುದಿಯಿತು. ತಿದಿ ಒತ್ತಿ ಶ್ರುತಿ ಕೊಟ್ಟೇಬಿಟ್ಟರು. ಪಾಪದ ಹುಡುಗಿ "ಇದ್ದೆ" ಅನ್ನುವುದನ್ನು ಎಳೆದೆಳೆದು ಹಾಡಿದಳು. ತಬಲಾ ಸೇರಿಕೊಂಡಿತು. ನಾನು ಸ್ಟೇಜಿನ ಪಕ್ಕದಿಂದ, ನಿಲ್ಲಿಸಿ ಎಂದು ಎರಡೂ ಕೈ ಮೇಲೆತ್ತಿದೆ. ಮೇಷ್ಟ್ರು ತಲೆಯಾಡಿಸಿ ಇನ್ನೂ ಮೇಲಿನ ಸ್ಥಾಯಿಗೆ ಹೋದರು. ಜನ ಶಿಳ್ಳೆ ಹೊಡೆದರು, ದರಿದ್ರದವರು.

ಪರದೆ ಬಿದ್ದ ಮೇಲೆ ಮಿಸ್ಸು ಗೇಟಿನ ಹತ್ತಿರ ನಿಂತಿದ್ದರು.

"ಮಿಸ್, ಅದು ಹುಡುಗ್ರು ಗೊತ್ತಾಗ್ದೆ..."

"ಹೈಸ್ಕೂಲಲ್ಲೂ ಹಿಂಗೇ ಕಣೋ ನೀನು. ಉತ್ತರ ಗೊತ್ತಿಲ್ದಿದ್ರೆ ಪೇಜ್ ತುಂಬುಸ್ತಿದ್ದೆ."

ನಾನು ನಕ್ಕೆ. ಅವರು ನಗಲಿಲ್ಲ.

"ಆ ಹೆಂಗಸು ನಮ್ಮಮ್ಮ," ಅಂದರು. "ಆ ಮಾತನ್ನ ಅವಳು ಯಾವತ್ತೂ ಹೇಳ್ಲಿಲ್ಲ, ಹಂಗೇ ಹೋದ್ಲು. ಪುಸ್ತಕದಲ್ಲಿ ನಾನು ಹೇಳ್ಸಿದ್ದು, ಒಂದ್ ಸಲ. ಸಾಕು. ಪರದೆ ಬಿಚ್ಸಿ ಮನೆಗೆ ಹೋಗು."